ಮೂರನೆಯ ಓಟಗಾರ

ಏರಿಯ ಕೆಳಗೆ ದೇವೀರಮ್ಮ ಗುದ್ದಲಿಯ ಮೇಲೆ ಕಾಲಿಟ್ಟು ನಿಂತರು. ಅದು ಸಿನಿಮಾದ ಗುದ್ದಲಿ. ಅದನ್ನು ಹಿಡಿದು ನೆಲ ಅಗೆಯಬೇಕಿದ್ದ ನಟಿ, ತನ್ನ ಪಾತ್ರವೇ ಎದುರು ಬಂದು ನಿಂತದ್ದು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಅಗೀರಿ. ನನ್ ಕಾಲ್ ಮೇಲೇ ಅಗೀರಿ.”

ಹಳೇಬೀಡಿನ ಕೆರೆ ಏರಿಯ ಮೇಲೆ ಬೆಳಗಿನಿಂದ ಅವರ ಗಂಡ ಗಿಡ್ಡಯ್ಯನ ಜೀವನಚರಿತ್ರೆ ನಡೆಯುತ್ತಿತ್ತು. ರಾಜ್ಯಮಟ್ಟದಲ್ಲಿ ಚಿನ್ನ ಗೆದ್ದವನು. ಪದಕದ ಜೊತೆ ಮಾತು ಕೊಟ್ಟಿದ್ದ ನೌಕರಿ ಬಾರದೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತವನು. ಆಮೇಲೆ ಅದೇ ಮಂಡಿಯ ವರ್ತಕರನ್ನು ಬೇಲೂರಿನ ದಾರಿಯಲ್ಲಿ ತಡೆದು ದೋಚಿದವನು. ಮೂವತ್ತನಾಲ್ಕು ವರ್ಷದ ಹಿಂದೆ ಇದೇ ಏರಿಯ ಮೇಲೆ ಇನ್‌ಸ್ಪೆಕ್ಟರ್ ಗಂಗಾಧರಯ್ಯನವರ ಗುಂಡಿಗೆ ಬಿದ್ದ. ಪದಕ ಗೆದ್ದ ದಿನ ಪತ್ರಿಕೆಯವರು ಅವನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದರು. ಸತ್ತ ದಿನ ಸರಿಯಾಗಿ ಹಾಕಿದರು.

ಬಿದ್ದವನ ಕೈಯಲ್ಲಿ ದೋಚಿದ ಹಣದ ಚೀಲ ಇರಲಿಲ್ಲ. ಆ ದಿನದ್ದೂ ಸಿಗಲಿಲ್ಲ, ಹಿಂದಿನ ಹನ್ನೊಂದು ದರೋಡೆಗಳದ್ದೂ ಸಿಗಲಿಲ್ಲ. ಹೆಂಡತಿ ಏರಿಯ ಕೆಳಗೆ ಕಾದಿದ್ದು ಇಸಕೊಂಡಳು ಎಂದು ಗಂಗಾಧರಯ್ಯ ವರದಿ ಬರೆದರು. ಊರು ಅದನ್ನು ಓದದೆಯೇ ನಂಬಿತು. ದೇವೀರಮ್ಮನ ಮನೆಯ ನೆಲವನ್ನು ಮೂರು ಸಲ ಅಗೆದರು. ಮಗ ರವಿಕುಮಾರ್ ಓದಿ ಲೆಕ್ಚರರ್ ಆದಾಗಲೂ ಜನ, “ಗಂಟು ಓದಿಸ್ತು ಬಿಡು” ಅಂದರು. ಈಗ ಆ ಗಂಟನ್ನು ದೇವೀರಮ್ಮನ ಪಾತ್ರಧಾರಿ ಅಗೆದು ತೆಗೆಯಲಿದ್ದಳು. ಒಮ್ಮೆ ತೆರೆಯ ಮೇಲೆ ಬಂದ ಗಂಟನ್ನು ಮತ್ತೆ ಹೂಳಲಾಗದು.

“ಅಮ್ಮಾ, ವರದಿಯಲ್ಲಿ ಹಾಗಿದೆ,” ಎಂದ ನಿರ್ದೇಶಕ ನಟರಾಜ್. “ಚೀಲ ನಿಮ್ಮ ಹತ್ರ ಬರ್ಲಿಲ್ಲ ಅಂದ್ರೆ ಎಲ್ಲಿ ಹೋಯ್ತು, ಹೇಳಿ. ಈಗಲೇ ಸೀನ್ ಕಿತ್ತಾಕ್ತೀನಿ.”

“ಅದು ಗೊತ್ತಿದ್ರೆ ನಿನ್ ಸಿನ್ಮಾ ಬರೋಗಂಟ ಕಾಯ್ತಿದ್ನಾ?”

ಛತ್ರಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಗಂಗಾಧರಯ್ಯ ನಕ್ಕರು. ಚಿತ್ರದ ಸಲಹೆಗಾರರು ಅವರೇ. ಎಪ್ಪತ್ತೆರಡರಲ್ಲೂ ಹೊಟ್ಟೆಯಿಲ್ಲ, ನಿವೃತ್ತ ಪೊಲೀಸರಲ್ಲಿ ಇದು ಅಪರೂಪ. ಮಾಲೇಕಲ್ಲಿನ ತಪ್ಪಲಲ್ಲಿ ಹನ್ನೆರಡು ಎಕರೆ ತೆಂಗಿನ ತೋಟವಿತ್ತು. ಇದು ಅಷ್ಟೇನೂ ಅಪರೂಪವಲ್ಲ.

“ಇವಳ ಮಾತು ಕೇಳ್ತಾ ನಿಂತ್ರೆ ಹೊತ್ತು ಮುಳುಗುತ್ತೆ ನಟರಾಜ್. ಕಳ್ಳನ ಹೆಂಡ್ತಿ ಇನ್ನೇನ್ ಹೇಳ್ತಾಳೆ?”

“ಓಟಗಾರನ ಹೆಂಡ್ತಿ ಕಣ್ರೀ,” ಎಂದರು ದೇವೀರಮ್ಮ. “ಅದನ್ನಾದ್ರೂ ನೆಟ್ಟಗೆ ತೋರ್ಸಿದ್ದೀರಾ? ನಿಮ್ ಹೀರೋ ಎದೇಲಿ ಟೇಪು ಹರೀತಾನಂತೆ. ನಮ್ಮೋರು ಹುಟ್ಟಿದಾರಭ್ಯ ಟೇಪು ಮುಟ್ಟಿಲ್ಲ. ಅವ್ರು ರಿಲೇಲಿ ಮೂರನೇಯೋರು.”

ನಟರಾಜ್ ಹಣೆ ಒರೆಸಿಕೊಂಡ. “ಓಡಿ ಬಂದು, ಕೋಲನ್ನ ಇನ್ನೊಬ್ಬನ ಕೈಗೆ ಕೊಟ್ಟು ನಿಂತ್ಕೊಳ್ಳೋನು ಹೀರೋ ಆಗ್ತಾನಾ ಅಮ್ಮ?”

ಹಾಗಾಗಿ ಚಿತ್ರಕಥೆಯಲ್ಲಿ ಗಿಡ್ಡಯ್ಯ ಒಬ್ಬನೇ ಓಡುತ್ತಿದ್ದ. ಉಳಿದ ಮೂವರ ಹೆಸರನ್ನು ಯಾರೂ ಹುಡುಕಿರಲಿಲ್ಲ. ಸಿನಿಮಾ ಒಬ್ಬನದು.

ಅಗೆತವನ್ನು ಮಧ್ಯಾಹ್ನಕ್ಕೆ ತಳ್ಳಿ, ಮೊದಲು ಗುಂಡೇಟು ಎಂದು ತೀರ್ಮಾನವಾಯಿತು. ನಾಯಕನಟ ಚೀಲ ಹಿಡಿದು ಏರಿಯ ಮೇಲೆ ಓಡಿದ. ಗಂಗಾಧರಯ್ಯ ಕುರ್ಚಿಯಿಂದ ಎದ್ದೇಬಿಟ್ಟರು.

“ಏನ್ಲಾ ಅದು, ಎಮ್ಮೆ ಕೆರೆಗಿಳಿದಂಗೆ? ಕೈ ಎದೆಗೆ ಅಡ್ಡ ಬರ್ಬಾರ್ದು. ಗಿಡ್ಡ ಓಡಿದ್ರೆ ಭುಜ ಅಲ್ಲಾಡ್ತಿರ್ಲಿಲ್ಲ. ತಲೆ ಮೇಲೆ ಚೊಂಬು ಇಟ್ರೂ ನೀರು ತುಳುಕ್ತಿರ್ಲಿಲ್ಲ!”

ದೇವೀರಮ್ಮ ಗುದ್ದಲಿಯಿಂದ ಕಾಲು ತೆಗೆದರು. ನಿಧಾನವಾಗಿ ಏರಿ ಹತ್ತಿ ಬಂದರು.

“ನೀವು ಅವ್ರನ್ನ ಎಷ್ಟೊತ್ತು ನೋಡಿದ್ರಿ ಸ್ವಾಮಿ?”

“ಅರ್ಧ ನಿಮಿಷ. ಅದಕ್ಕೆ ಮುಂಚೆ ಅವನ ಮುಖಾನೇ ಕಂಡಿರ್ಲಿಲ್ಲ. ಗದ್ದೆ ಅಡ್ಡ ಹಾಯ್ದು ಏರಿ ಹತ್ತಿದೆ. ಅವನಿಗಿಂತ ಮುಂದೆ ಓಡ್ದೆ. ತಿರುಗಿ ನಿಂತೆ, ಹೊಡ್ದೆ.”

“ನೀವು? ಅವ್ರಿಗಿಂತ ಮುಂದೆ?” ದೇವೀರಮ್ಮ ಸುತ್ತ ನಿಂತವರ ಕಡೆ ತಿರುಗಿದರು. “ಕುರ್ಚಿಯಿಂದ ಏಳಾಕೇ ಈವಯ್ಯಂಗೆ ಎರಡು ಕೈ ಊರ್ಬೇಕು.”

ಲೈಟಿನವರು ನಕ್ಕರು. ಮೇಕಪ್ಪಿನವರೂ ನಕ್ಕರು. ಇಲಾಖೆಯಲ್ಲಿದ್ದಷ್ಟು ದಿನ ಯಾರೂ ಎದುರಿಗೆ ನಗದೆ ಇದ್ದ ಮನುಷ್ಯನಿಗೆ ಇದು ಹೊಸದು.

“ಹತ್ತು ಮಾರು ಓಡಿ ತೋರ್ಸಿ,” ಎಂದರು ದೇವೀರಮ್ಮ. “ಆಮೇಲೆ ನೀವು ಕೆರೇನೇ ಅಗೀರಿ, ನಾನು ತಂಟೆಗೆ ಬರಾಕಿಲ್ಲ.”

“ಮಾತಿಗೆ ತಪ್ಪಬಾರ್ದು.”

“ತಪ್ಪೋ ಜಾತಿ ನಂದಲ್ಲ.”

ಗಂಗಾಧರಯ್ಯ ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿದರು. ನಕಲಿ ಪಿಸ್ತೂಲನ್ನು ಬಲಗೈಗೆ ತೆಗೆದುಕೊಂಡರು. ಪ್ರಚಾರಕ್ಕಾದರೂ ಆದೀತೆಂದು ನಟರಾಜ್ ಕ್ಯಾಮೆರಾ ಓಡಿಸಲು ಸನ್ನೆ ಮಾಡಿದ.

ನಾಯಕನಟ ಚೀಲ ಹಿಡಿದು ಇಪ್ಪತ್ತು ಹೆಜ್ಜೆ ಹಿಂದೆ ನಿಂತ. ದೇವೀರಮ್ಮ ಅವನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದರು.

“ಹಾಗಂದ್ರೇನಮ್ಮ?”

“ಅರ್ಥ ಇಲ್ಲ ಕಣಪ್ಪ. ಹತ್ರ ಹೋಯ್ತಿದ್ದಂಗೆ ಕೂಗು, ಅಷ್ಟೇಯ. ನಮ್ಮೋರು ಕೋಲು ಕೊಡೋವಾಗ ಕೂಗ್ತಿದ್ದದ್ದು, ನಿದ್ದೇಲೂ ಕೂಗೋರು.”

ಇಬ್ಬರೂ ಓಡಿದರು. ಮುದುಕರು ನಿಜಕ್ಕೂ ಓಡಿದರು. ಭುಜ ಅಲುಗದೆ, ಮಂಡಿ ಮೇಲೆದ್ದು. ನಕ್ಕವರು ದಾರಿ ಬಿಟ್ಟು ಸರಿದರು. ಅಂತರ ಎರಡು ಮಾರಿಗೆ ಇಳಿದಾಗ ನಾಯಕನಟ ಹಿಂದಿನಿಂದ ಕೂಗಿದ:

“ಹಪ್!”

ಗಂಗಾಧರಯ್ಯ ತಿರುಗಿ ನಿಲ್ಲಲಿಲ್ಲ, ಪಿಸ್ತೂಲು ಎತ್ತಲಿಲ್ಲ. ಹಿಂದೆ ನೋಡದೆ, ಹೆಜ್ಜೆ ತಪ್ಪದೆ, ಅವರ ಎಡಗೈ ತಾನಾಗಿಯೇ ಹಿಂದಕ್ಕೆ ಚಾಚಿಕೊಂಡಿತು, ಅಂಗೈ ಬಿಚ್ಚಿ, ಚೀಲಕ್ಕಾಗಿ.