ಸ್ಕೋರ್ ತೊಳೆಯುವ ಅಂಗಡಿ

ಈಗಲೇ ಎದ್ದುಬಿಡೋಣವೆ? ಇಲ್ಲ, ಇವನು ಇನ್ನೂ ಎಷ್ಟು ಬುರುಡೆ ಬಿಡುತ್ತಾನೋ ನೋಡೋಣವೆ? ತಮ್ಮನಿಗೆ ಒಂದೂ ತೋಚಲಿಲ್ಲ. ಪಕ್ಕದಲ್ಲಿ ಅಕ್ಕ ಕುರ್ಚಿಯ ಅಂಚಿಗೆ ಕುಳಿತು, ಎದುರಿಗಿದ್ದ ಟೈ ಕಟ್ಟಿದವನ ಮಾತನ್ನು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

"ಕ್ರೆಡಿಟ್ ಸ್ಕೋರ್ ಅಂದ್ರೆ ಬಟ್ಟೆ ಇದ್ದ ಹಾಗೆ ಮೇಡಂ. ಕಲೆ ಆಗುತ್ತೆ, ನಾವು ತೊಳೀತೀವಿ. ಲಾಂಡ್ರಿ ನಡೆಸೋ ನಿಮಗೆ ನಾನು ಹೇಳಬೇಕಾ?"

"ಎಲ್ಲಾ ಕಲೆ ಹೋಗಲ್ಲ ಸರ್," ಎಂದಳು ಅಕ್ಕ. "ನಾವು ಗಿರಾಕಿಗೆ ಮೊದಲೇ ಹೇಳಿಬಿಡ್ತೀವಿ."

"ನಮ್ಮಲ್ಲಿ ಎಲ್ಲಾ ಹೋಗುತ್ತೆ. ಗ್ಯಾರಂಟಿ."

ಗ್ಯಾರಂಟಿಯಂತೆ! ತಮ್ಮ ಒಳಗೊಳಗೇ ನಕ್ಕ. ನಿಜವಾಗಿ ಬಾಕಿಯಿರುವ ಸಾಲವನ್ನು ದಾಖಲೆಯಿಂದ ಅಳಿಸುವುದು ಯಾರಪ್ಪನಿಂದಲೂ ಆಗದ ಕೆಲಸವೆಂದು ವಿಮಾ ಕಚೇರಿಯಲ್ಲಿ ದುಡಿಯುವ ಅವನಿಗೆ ಗೊತ್ತಿತ್ತು. ಈ ಮನುಷ್ಯನ ಟೈ ಗಂಟಿನ ಸಮೇತ ರೆಡಿಮೇಡ್. ಕಾಲರಿನ ಹಿಂದೆ ಎಲಾಸ್ಟಿಕ್ ಇಣುಕುತ್ತಿತ್ತು. ಗೋಡೆಯ ಮೇಲೆ ತನಗೆ ತಾನೇ ಕೊಟ್ಟುಕೊಂಡ ಪ್ರಶಸ್ತಿಪತ್ರ. ಹೊರಗಿನ ಬೋರ್ಡೂ ಬಟ್ಟೆಯದು, ಸುತ್ತಿಕೊಂಡು ಓಡಲು ಅನುಕೂಲ.

ಅಕ್ಕನಿಗೆ ಅವಸರವಿತ್ತು. ಆಸ್ಪತ್ರೆಯೊಂದು ತನ್ನ ಹಾಸಿಗೆ ಬಟ್ಟೆಯನ್ನೆಲ್ಲ ಅವಳಿಗೇ ಒಗೆಯಲು ಕೊಡಲು ಒಪ್ಪಿತ್ತು; ಆದರೆ ತಿಂಗಳ ಕೊನೆಯೊಳಗೆ ದೊಡ್ಡ ಯಂತ್ರ ಬಂದಿರಬೇಕು. ಸಾಲ ಕೇಳಿದರೆ ಬ್ಯಾಂಕು ಸ್ಕೋರ್ ಸರಿಯಿಲ್ಲವೆಂದು ವಾಪಸು ಕಳಿಸಿತ್ತು. ಭಾವ ತೀರಿಕೊಂಡ ಮೇಲೆ ಅವಳೊಬ್ಬಳೇ ಕೈ ಸವೆಸಿ ನಿಲ್ಲಿಸಿದ ಅಂಗಡಿ. ಆಸ್ಪತ್ರೆಯ ಕೆಲಸ ಕೈತಪ್ಪಿದರೆ ಬಾಗಿಲು ಹಾಕುವುದೇ ಗತಿ.

"ಜನ್ಮದಲ್ಲಿ ಒಂದು ಸಾಲ ಮಾಡಿದವಳಲ್ಲ ನಾನು," ಎಂದಳು. "ಹೆಂಗೆ ಕೆಡ್ತು ಅಂತಾನೇ ಗೊತ್ತಾಗ್ತಿಲ್ಲ."

"ಕಂಪ್ಯೂಟರ್ ತಪ್ಪು ಅಕ್ಕ," ಎಂದ ತಮ್ಮ.

"ಕರೆಕ್ಟ್ ಸರ್!" ಟೈಯವನು ಮೇಜು ತಟ್ಟಿದ. "ಫೀಸು ಪೂರ್ತಿ ಮುಂಗಡ. ರಸೀದಿ ಆಮೇಲೆ. ಇನ್ನೊಂದು ಮುಖ್ಯ ವಿಷಯ. ನಮ್ಮ ಕೆಲಸ ಮುಗಿಯೋವರೆಗೂ ನೀವು ಬ್ಯಾಂಕಿಗೆ ಹೋಗಬಾರದು, ರಿಪೋರ್ಟ್ ತರಿಸಿ ನೋಡಬಾರದು. ನೋಡಿದ್ರೆ ಸ್ಕೋರ್ ಇನ್ನೂ ಬೀಳುತ್ತೆ."

ಹಸಿ ಸುಳ್ಳು. ತನ್ನ ರಿಪೋರ್ಟನ್ನು ತಾನು ನೋಡಿಕೊಂಡರೆ ಯಾರ ಸ್ಕೋರೂ ಬೀಳುವುದಿಲ್ಲ. ಗ್ಯಾರಂಟಿ, ಮುಂಗಡ, ಬಾಯಿಗೆ ಬೀಗ. ಕಳ್ಳನ ಲಕ್ಷಣಗಳೆಲ್ಲ ಸಾಲಾಗಿ ನಿಂತಿದ್ದವು. ಥೂ, ಮೋಸ ಮಾಡುವುದಕ್ಕೂ ಒಂದಿಷ್ಟು ನಾಜೂಕು ಬೇಡವೆ? ತಮ್ಮನಿಗೆ ಅಸಹ್ಯವಾಯಿತು.

ಬ್ಯಾಗಿನ ಜಿಪ್ ಎಳೆದ ಅಕ್ಕ ಅಲ್ಲಿಗೇ ತಡೆದಳು. "ಬ್ಯಾಂಕಿನ ಮೇಡಂ ಬೇರೆ ಥರ ಹೇಳಿದ್ರು ಪುಟ್ಟ. ರಿಪೋರ್ಟ್ ಪುಕ್ಕಟೆ ಸಿಗುತ್ತಂತೆ. ತಪ್ಪಿದ್ರೆ ನಾವೇ ದೂರು ಬರೆದು ಹಾಕಬಹುದಂತೆ, ವಿಚಾರಿಸಿ ಸರಿ ಮಾಡ್ತಾರಂತೆ. ನಾಳೆ ಬನ್ನಿ, ಕೂತು ನೋಡೋಣ ಅಂದಿದ್ರು."

"ಪುಕ್ಕಟೆ ಸಲಹೆಗೆ ಅಷ್ಟೇ ಬೆಲೆ ಮೇಡಂ," ಎಂದು ಟೈಯವನು ತಮ್ಮನ ಕಡೆ ತಿರುಗಿದ. "ಒಟಿಪಿ ಬೇಕಾಗುತ್ತೆ. ಮೇಡಂ ಫೋನ್ ತಂದಿದ್ದಾರಾ?"

"ಅದೆಲ್ಲ ಇವನ ಫೋನಿಗೇ ಬರೋದು," ಎಂದಳು ಅಕ್ಕ. ಅವಳ ದನಿಯಲ್ಲಿ ಹೆಮ್ಮೆಯಿತ್ತು. "ನನ್ನ ಕಾಗದ ಪತ್ರ ಎಲ್ಲಾ ಇವನೇ ನೋಡ್ಕೊಳ್ಳೋದು. ನಮ್ಮನೇಲಿ ಓದಿದವನು ಇವನೊಬ್ಬನೇ."

ಟೈಯವನು ತಮ್ಮನನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ, ಯಾಕೋ, ಬಹಳ ಸಲಿಗೆಯಿಂದ ನಕ್ಕ. ತಮ್ಮನಿಗೆ ಮೈಮೇಲೆ ಹುಳ ಹರಿದಂತಾಯಿತು. ಇಂಥವನು ನನ್ನನ್ನು ನೋಡಿ ಹೀಗೆ ನಗುವುದೆ?

"ನೀನೇ ಹೇಳು ಪುಟ್ಟ. ಇವರಿಗೆ ಕೊಡ್ಲಾ, ನಾಳೆ ಬ್ಯಾಂಕಿಗೆ ಹೋಗೋಣ್ವಾ? ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಫ್ಯಾನು ಕಿರುಗುಟ್ಟುತ್ತಿತ್ತು. ಬೀದಿಯಲ್ಲಿ ಯಾರೋ ಶಟರ್ ಎಳೆದರು. ಅಕ್ಕ ಕಾದಳು, ಬ್ಲೀಚಿಗೆ ಸಿಪ್ಪೆ ಎದ್ದ ಅವಳ ಬೆರಳುಗಳು ಬ್ಯಾಗಿನೊಳಗೇ ಇದ್ದವು.

"ಬ್ಯಾಂಕಿನವರಿಗೇನು ಗೊತ್ತು ಅಕ್ಕ," ಎಂದ ತಮ್ಮ. "ಕೊಟ್ಟುಬಿಡು."

ನೀನು ಜೊತೆಗೆ ಬಂದಿದ್ದು ಒಳ್ಳೇದಾಯ್ತು ಎನ್ನುತ್ತ ಅವಳು ನೋಟಿನ ಕಟ್ಟನ್ನು ಮೇಜಿನ ಮೇಲಿಟ್ಟಳು.

ಅವಳ ಹೆಸರಿನಲ್ಲಿ, ಅವಳಿಗೆ ತಿಳಿಯದಂತೆ ಸಾಲ ತೆಗೆದು ಕಂತು ಕಟ್ಟದೆ ಬಿಟ್ಟವನು ತಾನೇ ಎಂದು ತಮ್ಮ ಅಂದೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.