ಮುನಿದ ಹೊಲದ ಹೇಳಿಕೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲ ಮಣ್ಣಿಗೆ ಬರಗಾಲವಿಲ್ಲ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಮಣ್ಣು ಮಾತಾಡತೊಡಗಿದ ಮೇಲೆ ಸರ್ಕಾರದ ಮಣ್ಣು ಪರೀಕ್ಷೆ ಸಲೀಸಾಗಿತ್ತು. ಸಾಹೇಬರು ಬಂದು ಏನು ಬೇಕೆಂದು ಕೇಳುವುದು, ಹೊಲ ಹೇಳಿದ್ದನ್ನು ಬರೆದುಕೊಳ್ಳುವುದು. ಚಿಕ್ಕತಾಯಮ್ಮನ ಹೊಲ ಮಾತ್ರ, ಹೋದ ವರ್ಷ ತನ್ನನ್ನು ಕೇಳದೆ ಯೂರಿಯಾ ಸುರಿದಳೆಂದು ಮುನಿಸಿಕೊಂಡು ಬಾಯಿ ಬಿಟ್ಟಿರಲಿಲ್ಲ. ಹೊಲ ಹೇಳದೆ ಗೊಬ್ಬರ ಸಿಗದು, ಗೊಬ್ಬರವಿಲ್ಲದೆ ಈ ಸಲವೂ ರಾಗಿ ಏಳದು.

"ಸಾರ್ ಬಂದವ್ರೆ, ಸಾರ ಬಂದಿಲ್ಲ. ನಾನೇ ಹೊಲ ಆಯ್ತೀನಿ ಬುಡಿ ಅತ್ತಿಗೆ," ಎಂದ ಮೈದುನ ಜವರಯ್ಯ ಬದುವಿನ ಹಿಂದೆ ಅಡಗಿ ಕುಳಿತ. ಊರಿನ ಯಾವ ದನಿಯೂ ಅವನ ಗಂಟಲಿಗೆ ಹೊಸದಲ್ಲ.

ಸಾಹೇಬರು ಬಗ್ಗಿ ಕೇಳಿದರು. "ಏನಮ್ಮಾ ಬೇಕು ನಿನಗೆ?"

"ಸುಣ್ಣ ಬೇಕು ಸಾಮಿ," ಎಂದಿತು ಬದು, ಮುದುಕಿಯ ದನಿಯಲ್ಲಿ. ಸಾಹೇಬರು ಬರೆದುಕೊಂಡರು. ಜವರಯ್ಯನ ನಾಲಿಗೆ ಅಷ್ಟಕ್ಕೇ ನಿಲ್ಲಲಿಲ್ಲ. "ಹಂಗೇ ಎಲ್ಡು ಎಲೆ, ಒಂಚೂರು ಅಡಿಕೆ."

ಸಾಹೇಬರ ಪೆನ್ನು ನಿಂತಿತು. ಅಷ್ಟರಲ್ಲಿ ಕಾಲಡಿಯಿಂದ ಗಹಗಹ ನಗು ಎದ್ದು ಹೆಂಟೆಗಳೆಲ್ಲ ಪುಡಿಯಾದವು. ಜವರಯ್ಯ ಅಣಕಿಸಿದ ಹೊಲವೇ ಬಿದ್ದು ಬಿದ್ದು ನಗುತ್ತಿತ್ತು.

"ಹಲ್ಲೇ ಇಲ್ದೋಳ್ಗೆ ಅಡಿಕೆ ಯಾಕ್ಲಾ ಜವರ? ಇವ್ಳ ಯೂರಿಯಾಕ್ಕೆ ಮೈಯೆಲ್ಲ ಹುಳಿ ಆಗೈತೆ. ಸುಣ್ಣ ಒಂದೇ ಬರ್ಕೊಳಿ ಸಾಮಿ."