ಗೇಟಿನ ಗಾಲಿಗೆ ಕಟ್ಟಿದ ಟವೆಲ್

ಗಿರಣಿ ಮುಚ್ಚಿ, ಅದಕ್ಕೆ ನೀರು ತರುತ್ತಿದ್ದ ಕಾಲುವೆ ಬತ್ತಿ ಮೂವತ್ತು ವರ್ಷವಾಗಿತ್ತು. ಕಾಲುವೆಯ ಚರಿತ್ರೆ ಬರೆಯಲು ಬಂದ ಹುಡುಗಿ, ಅದರ ನೀರಿನ ಗೇಟು ಎತ್ತಿಳಿಸುತ್ತಿದ್ದ, ಈಗ ತೀರಿಕೊಂಡ ಗೇಟಿನವನ ಹೆಂಡತಿ ನೀಲವ್ವನ ಎದುರು ಕೂತಿದ್ದಳು.

"ಕಾಲುವ್ಯಾಗಿನ ಕಸ ತೆಗ್ಯಾಕ ಇಳಿಯೋರು, ಗೇಟು ಎತ್ತೂ ಗಾಲಿಗೆ ಟವೆಲ್ ಕಟ್ಟಿ ಇಳೀತಿದ್ರು. ಅದನ್ನ ಬಿಚ್ಚೂತನಕ ನಮ್ಮನಿಯವರು ನೀರು ಬಿಡ್ತಿದ್ದಿಲ್ಲ."

"ಯಾರೂ ಸತ್ತಿಲ್ಲೇನ, ಆಯಿ?"

"ಒಬ್ಬಾಂವ ಸತ್ತ. ನನ್ನ ಮೊದಲನೇ ಗಂಡ. ಟವೆಲ್ ಕಟ್ಟೂದ ಮರತಿದ್ನಂತ, ಮರಗುಳಿ! ವರ್ಷ ತುಂಬೂದ್ರಾಗ ಇವರು ನನ್ನ ಕೈ ಹಿಡದ್ರು. ದೇವರಂಥಾ ಮನಷ್ಯಾ."

ನೀರು ಬಿಡುವ ಮುಂಚೆ ಗೇಟಿನವನು ಊದುತ್ತಿದ್ದ ಸೀಟಿ ತೋರಿಸಲೆಂದು ನೀಲವ್ವ, ಅವನು ಬದುಕಿರುವತನಕ ಯಾರಿಗೂ ಮುಟ್ಟಗೊಡದ ಟ್ರಂಕಿನ ಬೀಗ ಒಡೆದಳು. ಸೀಟಿಯ ಕೆಳಗೆ ಒಂದು ಟವೆಲ್ ಇತ್ತು. ಅಂಚಿನಲ್ಲಿ ಅವಳೇ ಕೆಂಪು ದಾರದಿಂದ ಹೊಲಿದ ಮೊದಲನೇ ಗಂಡನ ಹೆಸರು. ನಡುವೆ, ಬಿಚ್ಚದೆ ಹಾಗೇ ಉಳಿದ ಗಂಟು; ಅದರ ಪಕ್ಕದಲ್ಲಿ ಬಟ್ಟೆಯನ್ನು ಚಾಕುವಿನಿಂದ ಕೊಯ್ದು ಗಾಲಿಯಿಂದ ತೆಗೆದ ಗುರುತು.